ಇಪ್ಪತ್ತು ಗ್ರಾಮಿನ ಕಲ್ಲು

ನನ್ನ ಗಂಡ ನಿಜಲಿಂಗಪ್ಪ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಒಮ್ಮೆ ನೋಡಿದರೆ ಸಾಕು, ಆ ಮನುಷ್ಯನ ಅರ್ಧ ಜಾತಕ ತಿಳಿಯುತ್ತದೆ. ಚಮಚದ ತುಂಬ ಸಕ್ಕರೆ ತೆಗೆದು, ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿ, ಸವರಿದ್ದು ಡಬ್ಬಿಗೇ ಬಿದ್ದಿದೆಯೇ ಎಂದು ನೋಡಿ, ಆಮೇಲೆ ಕಪ್ಪಿಗೆ ಸುರಿಯುತ್ತಾರೆ. ಲಂಡನ್ನಿನ ಇಲ್ಫರ್ಡಿನಲ್ಲಿ ಮೂವತ್ತೊಂದು ವರ್ಷ ಫಾರ್ಮಸಿಸ್ಟ್ ಆಗಿದ್ದವರು. ಮಾತ್ರೆ ಎಣಿಸಿ ಎಣಿಸಿ, ತಮ್ಮ ಕಣ್ಣಿಗೆ ಬೀಳದ ಕಡೆಯೆಲ್ಲ ಜಗತ್ತು ಲೆಕ್ಕ ತಪ್ಪಿಯೇ ನಡೆಯುತ್ತಿದೆ ಎಂಬ ಸಂಶಯ ಅವರಿಗೆ ಅಂಟಿಕೊಂಡಿದೆ. ನಾನು ಕೈ ಅಂದಾಜಿನಲ್ಲಿ ಐವತ್ತು ಜನಕ್ಕೆ ಹುಗ್ಗಿ ಮಾಡಿದವಳು. ನಮ್ಮಿಬ್ಬರ ಸಂಸಾರ ಹೇಗೆ ಇಷ್ಟು ವರ್ಷ ನಡೆಯಿತು ಎಂದು ಯಾರಾದರೂ ಕೇಳಿದರೆ, ಅಡಿಗೆಮನೆ ನನ್ನದು, ಮಹಡಿಯ ಮೇಲಿನ ಸಣ್ಣ ಕೋಣೆ ಅವರದು, ಅಷ್ಟೇ ಗುಟ್ಟು ಎನ್ನುತ್ತೇನೆ.

ಆ ಸಣ್ಣ ಕೋಣೆಯಲ್ಲಿ ಅವರು ಕಾಡತೂಸು ತಯಾರಿಸುತ್ತಾರೆ.

ಗಾಬರಿಯಾಗಬೇಡಿ. ವಿಜಯಪುರದ ಕಾಲೇಜಿನಲ್ಲಿ ಎನ್‌ಸಿಸಿಯವರು ಕೈಗೆ ಕೊಟ್ಟ ಬಂದೂಕಿನ ಹುಚ್ಚು ಅವರಿಗೆ ಇವತ್ತಿಗೂ ಬಿಟ್ಟಿಲ್ಲ. ಇಲ್ಲಿ ಲೈಸೆನ್ಸ್ ಇದೆ, ಗೋಡೆಗೆ ಬೋಲ್ಟು ಹಾಕಿದ ಕಬ್ಬಿಣದ ಕಪಾಟಿದೆ, ಪೊಲೀಸರು ಬಂದು ಕಪಾಟು ಅಲ್ಲಾಡಿಸಿ ನೋಡಿ, ನನ್ನ ಗಂಡನಿಗೆ ಸಿಟ್ಟು ಜಾಸ್ತಿಯೇ ಎಂದು ನನ್ನನ್ನು ಬೇರೆ ಕರೆದು ಕೇಳಿ ಹೋಗಿದ್ದಾರೆ. ಅಂದು ನಾನು ಸುಳ್ಳು ಹೇಳಲಿಲ್ಲ. ಸಿಟ್ಟಿದೆ, ಆದರೆ ಅದು ಪೂರ್ತಿ ನಾಲಿಗೆಯಲ್ಲೇ ಖರ್ಚಾಗುತ್ತದೆ ಎಂದೆ. ವಾರಕ್ಕೊಮ್ಮೆ ಲಂಡನ್ನಿನ ಒಂದು ಕ್ಲಬ್ಬಿನವರ ಜೊತೆ ಸರ್ರೆಯ ಬಯಲಿಗೆ ಹೋಗಿ, ಸಾವಿರ ಗಜ ದೂರದ ಹಲಗೆಗೆ ಗುಂಡು ಹಾರಿಸಿ ಬರುತ್ತಾರೆ. ಅಲ್ಲಿಯವರಿಗೆ ನಿಜಲಿಂಗಪ್ಪ ಎಂಬುದು ನಾಲಿಗೆಗೆ ಹೊರಳುವುದಿಲ್ಲ. ಮಿಸ್ಟರ್ ಅಪ್ಪಾ ಎನ್ನುತ್ತಾರೆ.

ಅಂಗಡಿಯ ಕಾಡತೂಸು ಇವರಿಗೆ ಆಗುವುದಿಲ್ಲ, ಹೋಟೆಲಿನ ಸಾರಿನ ಹಾಗೆ ದಿನಕ್ಕೊಂದು ರುಚಿಯಂತೆ. ಒಮ್ಮೆ ಹಾರಿಸಿದ ಹಿತ್ತಾಳೆ ಕೋಶವನ್ನು ತೊಳೆದು, ಅದಕ್ಕೆ ಸಿಡಿಮದ್ದನ್ನು ತೂಗಿ ತುಂಬಿ, ಬಾಯಿಗೆ ಗುಂಡು ಕೂರಿಸಿದರೆ ಮನೆಯ ಕಾಡತೂಸು ತಯಾರು. ಎಲ್ಲ ಇರುವುದು ತೂಗುವುದರಲ್ಲಿ. ಒಂದು ಕೋಶಕ್ಕೆ ನಾಲ್ಕೈದು ಸಾಸಿವೆ ಕಾಳಿನಷ್ಟು ಮದ್ದು ಹೆಚ್ಚಾದರೂ ಸಾವಿರ ಗಜದಾಚೆ ಗುಂಡು ಒಂದು ಗೇಣು ಮೇಲೆ ಹೋಗಿ ಬೀಳುತ್ತದೆ. ಇನ್ನೂ ಹೆಚ್ಚಾದರೆ ಬಂದೂಕಿಗೂ ಅದರ ಹಿಂದಿನ ಮುಖಕ್ಕೂ ಅಪಾಯ. ಹಾಗಾಗಿ ಹೆಚ್ಚು ಮದ್ದು ತುಂಬುವುದು ಕ್ಲಬ್ಬಿನಲ್ಲಿ ದೊಡ್ಡ ಅಪರಾಧ.

ಈ ಕೋಣೆಗೆ ಸಿರಿಶಾ ಬಂದದ್ದು ಏಪ್ರಿಲ್‌ನಲ್ಲಿ. ಬೆಂಗಳೂರಿನ ಹುಡುಗಿ, ಕೆಂಟನ್‌ನಲ್ಲಿ ಇನ್ನು ಮೂವರ ಜೊತೆ ಮನೆ ಹಂಚಿಕೊಂಡಿದ್ದಾಳೆ, ಸಿಟಿಯ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು ಕೆಲಸ. ಕ್ಲಬ್ಬಿಗೆ ಹೊಸಬಳಾಗಿ ಸೇರಿದಾಗ ಹಳಬರಲ್ಲಿ ಒಬ್ಬರು ಆರು ತಿಂಗಳು ಕಲಿಸಿ, ಕೊನೆಗೆ ಈಕೆ ನಂಬಿಕೆಗೆ ಯೋಗ್ಯಳು ಎಂದು ಸಹಿ ಹಾಕಬೇಕು. ಆಗ ಕಮಿಟಿ ಪೂರ್ಣ ಸದಸ್ಯತ್ವ ಕೊಡುತ್ತದೆ, ಆಮೇಲೆಯೇ ಸ್ವಂತ ಲೈಸೆನ್ಸಿಗೆ ಅರ್ಜಿ. ಕನ್ನಡದವಳು ಎಂದು ಗೊತ್ತಾದದ್ದೇ ನಮ್ಮವರು ತಾವೇ ಕಲಿಸುತ್ತೇನೆಂದು ಮುಂದೆ ಬಂದರು. ಮೊದಲ ದಿನ ಕಾಲಿಂಗ್ ಬೆಲ್ ಒತ್ತಿ, ಬಾಗಿಲಲ್ಲೇ ಷೂ ಬಿಚ್ಚಿ, ಆಂಟಿ ಏನಾದ್ರೂ ಹೆಲ್ಪ್ ಮಾಡ್ಲಾ ಎಂದು ನೇರ ಅಡಿಗೆಮನೆಗೆ ಬಂದಳು. ಮ್ಯಾಂಚೆಸ್ಟರಿನಲ್ಲಿರುವ ನಮ್ಮ ಮಗಳು ಸ್ಫೂರ್ತಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಆ ಕಾರಣಕ್ಕೇ ಇರಬಹುದು, ಈ ಹುಡುಗಿ ನನಗೆ ಅಂದೇ ಹಿಡಿಸಿಬಿಟ್ಟಳು.

ಮಹಡಿಯ ಮೇಲೆ ಪಾಠ ಕಠಿಣವಾಗಿತ್ತು. ಮೊದಲ ಸೂತ್ರ, ಕೈ ತೊಳಕೊಂಡು ಬಾ. ಎರಡು ಸಲ ಸಾಬೂನು ಹಾಕಿ, ಪೂರ್ತಿ ಒರೆಸಿಕೊಂಡು ಹೋಗಿ ಕೂರಬೇಕು. ಎರಡನೆಯದು, ಕಲ್ಲನ್ನು ಮುಟ್ಟಬಾರದು. ಕಲ್ಲು ಎಂದರೆ ಇಪ್ಪತ್ತು ಗ್ರಾಮಿನ ಹಿತ್ತಾಳೆಯ ತೂಕದ ಕಲ್ಲು. ಕೆಲಸ ಶುರು ಮಾಡುವ ಮುಂಚೆ ಅದನ್ನು ವಿದ್ಯುತ್ ತಕ್ಕಡಿಯ ಮೇಲಿಟ್ಟು, ಇದು ಇಪ್ಪತ್ತು ಗ್ರಾಂ, ನೆನಪಿಟ್ಟುಕೋ ಎಂದು ತಕ್ಕಡಿಗೆ ಕಲಿಸಬೇಕು. ಕಲ್ಲು ಸರಿಯಿದ್ದರೆ ತಕ್ಕಡಿ ಸರಿ, ತಕ್ಕಡಿ ಸರಿಯಿದ್ದರೆ ಮದ್ದು ಸರಿ. ಬೆರಳ ಬೆವರು ಹತ್ತಿದರೂ ಕಲ್ಲಿನ ತೂಕ ಕೆಡುತ್ತದೆಂದು ಅದನ್ನು ಮಖಮಲ್ಲಿನ ಡಬ್ಬಿಯಲ್ಲಿಟ್ಟು, ಚಿಮಟದಿಂದ ಎತ್ತುತ್ತಿದ್ದರು, ಅದೂ ತಾವೊಬ್ಬರೇ. ಒಮ್ಮೆ ಸಿರಿಶಾ ಮರೆತು ಬೆರಳು ಚಾಚಿದ್ದಕ್ಕೆ, ನನಗೆ ಕೆಳಗೆ ಕೇಳುವ ಹಾಗೆ ಬೈದಿದ್ದರು.

ಆದರೂ ಹುಡುಗಿ ಬಿಡಲಿಲ್ಲ. ಒಂದು ಶನಿವಾರ ನನ್ನ ಜೊತೆ ಅವರೆಕಾಯಿ ಬಿಡಿಸುತ್ತ ಹೇಳಿದಳು, ವೀಸಾ ಕಂಪನಿಯದು, ಮನೆ ಇನ್ನೊಬ್ಬರದು, ಈ ಊರಿನಲ್ಲಿ ತಾನೇ ಹೋಗಿ ತಾನೇ ಸಂಪಾದಿಸುವಂಥದ್ದು ಅಂತ ಇರುವುದು ಈ ಕ್ಲಬ್ ಒಂದೇ ಎಂದು. ಅಲ್ಲಿ ಗುರಿಯಿಟ್ಟು ಉಸಿರು ಬಿಗಿಹಿಡಿದು ಮಲಗಿದಾಗ ಮಾತ್ರ ತಲೆಯೊಳಗಿನ ಗಲಾಟೆ ನಿಲ್ಲುತ್ತದಂತೆ. ಕಮಿಟಿ ಸಭೆ ಅಕ್ಟೋಬರ್ ಎಂಟಕ್ಕೆ. ಅವಳು ಅದನ್ನು ಫೋನಿನಲ್ಲಿ ಗುರುತು ಹಾಕಿಟ್ಟುಕೊಂಡಿದ್ದಳು.

ಅಕ್ಟೋಬರ್ ಒಂದರಂದು ಆಯುಧಪೂಜೆ. ದೇವರ ವಿಷಯ ಬಂದರೆ ನಮ್ಮವರ ಅಳತೆಯೆಲ್ಲ ಹಾರಿಹೋಗುತ್ತದೆ, ಅದು ನನಗೆ ಅವರಲ್ಲಿ ಬಹಳ ಸೇರುವ ಗುಣ. ಬೆಳಗ್ಗೆ ಮಿಂದು, ಅಂಗೈಯಲ್ಲಿ ವಿಭೂತಿ ಕಲಸಿಕೊಂಡು ಮೇಲೆ ಹೋದರು. ಕಪಾಟಿಗೆ ಮೂರು ಪಟ್ಟೆ, ನಡುವೆ ಕುಂಕುಮ. ತಕ್ಕಡಿಯ ಹಣೆಗೆ ಮೂರು ಪಟ್ಟೆ. ನನ್ನ ಮಿಕ್ಸಿಗೆ, ಕಾರಿಗೆ, ಬಿಪಿ ನೋಡುವ ಯಂತ್ರಕ್ಕೂ ಆಯಿತು. ಹೋಳಿಗೆ ನೈವೇದ್ಯ ಹಿಡಿದು ನಾನು ಮೇಲೆ ಹೋದಾಗ ಅವರು ಪಂಚೆಯುಟ್ಟು ಕಣ್ಣು ಮುಚ್ಚಿ ನಿಂತಿದ್ದರು, ತಮ್ಮ ಅಪ್ಪನ ಹಾಗೆಯೇ ಕಂಡರು.

ಶನಿವಾರ ಸಿರಿಶಾ ಬಂದಳು. ಮರುದಿನ ಸರ್ರೆಯ ಬಯಲಿನ ರೇಂಜಿನಲ್ಲಿ ಹೊಸದಾಗಿ ತುಂಬಿದ ಕಾಡತೂಸಿನ ಪರೀಕ್ಷೆ. ಐವತ್ತು ಕಾಡತೂಸಿಗೆ ತೂಗುವ ಕೆಲಸವನ್ನು ಮೊದಲ ಸಲ ಪೂರ್ತಿಯಾಗಿ ಅವಳಿಗೇ ಬಿಟ್ಟುಕೊಟ್ಟರು. ಅದೇ ಅವಳ ಕೊನೆಯ ಪರೀಕ್ಷೆ ಕೂಡ. ನಾನು ಚಹಾ ಹಿಡಿದು ಹೋದಾಗ ಅವರು ಚಿಮಟದಲ್ಲಿ ಕಲ್ಲನ್ನೆತ್ತಿ ತಕ್ಕಡಿಗೆ ಪಾಠ ಹೇಳುತ್ತಿದ್ದರು. ಆಮೇಲೆ ಮೂರು ತಾಸು ಹುಡುಗಿ ತಲೆ ಎತ್ತಲಿಲ್ಲ. ಒಮ್ಮೆ ಅವಳ ಫೋನು ಗುಂಯ್ ಎಂದಿತು, ಅವಳು ನೋಡಿ ಆರಿಸಿಟ್ಟಳು. ಆ ಒಂದು ಗುಂಯ್ ಇವರ ನೆನಪಿನಲ್ಲಿ ಉಳಿಯಿತು.

ಭಾನುವಾರ ನಾನೂ ಬುತ್ತಿ ಕಟ್ಟಿಕೊಂಡು ಹೋದೆ. ಗಾಳಿ ಇರಲಿಲ್ಲ, ಬಯಲಿನ ಧ್ವಜಗಳು ಕಂಬಕ್ಕೆ ಅಂಟಿಕೊಂಡಿದ್ದವು. ನಮ್ಮವರು ಚಾಪೆಯ ಮೇಲೆ ಬೋರಲು ಮಲಗಿ, ತಮ್ಮ ಪುಸ್ತಕದಲ್ಲಿ ಬರೆದಿಟ್ಟ ಗುರುತಿಗೆ ದುರ್ಬೀನು ತಿರುಗಿಸಿ, ಹತ್ತು ಗುಂಡು ಹಾರಿಸಿದರು. ಪಕ್ಕದ ಪರದೆಯಲ್ಲಿ ಹತ್ತು ಚುಕ್ಕೆ ಮೂಡಿದವು. ಒಂದರ ಪಕ್ಕ ಒಂದು, ಪಂಕ್ತಿಗೆ ಕೂತ ಮುತ್ತೈದೆಯರ ಹಾಗೆ ಒತ್ತಿಕೊಂಡು. ಆದರೆ ಎಲ್ಲವೂ ನಡುಗುರಿಯಿಂದ ಒಂದು ಗೇಣು ಮೇಲೆ. ವೇಗ ಅಳೆಯುವ ಯಂತ್ರವೂ ಪ್ರತಿ ಗುಂಡಿಗೆ ಇರಬೇಕಾದ್ದಕ್ಕಿಂತ ಹೆಚ್ಚು ತೋರಿಸಿತು.

ಅವರು ಎದ್ದು ಕೂತರು. ಮಿಕ್ಕ ಕಾಡತೂಸನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಕ್ಲಬ್ಬಿನ ಕಾರ್ಯದರ್ಶಿ ಹೆಲೆನ್ ಏನಾಯಿತೆಂದು ಬಂದಳು, ಅವಳ ಹಿಂದೆ ಇನ್ನು ನಾಲ್ಕೈದು ಜನ. ಅವರೆಲ್ಲರ ಮುಂದೆ, ಇಂಗ್ಲಿಷಿನಲ್ಲಿ, ಮದ್ದು ಹೆಚ್ಚು ಬಿದ್ದಿದೆ, ತೂಗಿದ್ದು ಸಿರಿಶಾ, ಅವಳ ಗಮನ ಫೋನಿನಲ್ಲಿತ್ತು, ಈ ಸ್ಥಿತಿಯಲ್ಲಿ ನಾನು ಸಹಿ ಹಾಕಲಾರೆ ಎಂದುಬಿಟ್ಟರು. ಹುಡುಗಿ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಇವರ ಮುಖ ನೋಡಿದಳು, ಹಣೆಯವರೆಗೂ. ಬಾಯಿ ತೆರೆದಳು ಅನ್ನಿಸಿತು ನನಗೆ. ಆದರೆ ಬಂದದ್ದು ಸಾರಿ ಎಂಬ ಒಂದೇ ಮಾತು. ಹೆಲೆನ್ ಬರೆದುಕೊಂಡಳು. ಸಿರಿಶಾ ನಮ್ಮ ಕಾರಿಗೆ ಬರಲಿಲ್ಲ, ಇನ್ಯಾರೋ ಸ್ಟೇಷನ್ನಿಗೆ ಬಿಟ್ಟರು. ಅವಳಿಗೆಂದು ಕಟ್ಟಿದ್ದ ಶೇಂಗಾ ಚಟ್ನಿ ನನ್ನ ಮಡಿಲಲ್ಲೇ ಇಲ್ಫರ್ಡಿಗೆ ವಾಪಸು ಬಂತು.

ಮನೆಗೆ ಬಂದು ಸಂಜೆಗೆ ಚಪಾತಿ ಲಟ್ಟಿಸಲು ನಿಂತಾಗ ಅವರೇ ಬಾಗಿಲಲ್ಲಿ ಬಂದು ನಿಂತು, ತಾವು ಮಾಡಿದ್ದು ಸರಿಯೆಂದು ವಾದ ತೆಗೆದರು. ನಿಯಮ ನಿಯಮವೇ, ನಾಳೆ ಯಾರದಾದರೂ ಕಣ್ಣು ಹೋದರೆ ಯಾರು ಹೊಣೆ, ಸಲುಗೆ ಕೊಟ್ಟದ್ದೇ ತಪ್ಪಾಯಿತು ಇತ್ಯಾದಿ. ನನಗೆ ಮದ್ದಿನ ವಿದ್ಯೆ ಬರುವುದಿಲ್ಲ. ಆದರೆ ಆ ಹತ್ತು ಚುಕ್ಕೆ ನನ್ನ ಕಣ್ಣ ಮುಂದಿನಿಂದ ಹೋಗಿರಲಿಲ್ಲ.

"ಒಂದ್ ಮಾತ್ ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ," ಎಂದೆ. "ಹತ್ತು ಚಪಾತ್ಯಾಗ ಒಂದು ಉಪ್ಪು, ಒಂದು ಸಪ್ಪ ಆದ್ರ ಮಾಡಿದಾಕಿ ಕೈ ಸರಿ ಇಲ್ಲ ಅನ್ನಬಹುದು. ಹತ್ತೂ ಒಂದ ಸಮ ಉಪ್ಪಾದ್ರ ಲಟ್ಟಿಸಿದಾಕಿ ತಪ್ಪಲ್ಲ. ಹಿಟ್ಟು ನಾದಿದವ್ರ ತಪ್ಪು."

ಅವರು ಲಟ್ಟಿಸಿಟ್ಟ ಚಪಾತಿಗಳನ್ನು ಒಮ್ಮೆ ನೋಡಿದರು. ಮೆಟ್ಟಿಲು ಹತ್ತಿ ಹೋದರು. ನಾನು ಹಂಚು ಇಳಿಸಿ ಹಿಂದೆಯೇ ಹೋದೆ.

ಉಳಿದ ಕಾಡತೂಸುಗಳಲ್ಲಿ ಐದನ್ನು ಬಿಚ್ಚಿ, ಒಳಗಿನ ಮದ್ದನ್ನು ಒಂದೊಂದಾಗಿ ತಕ್ಕಡಿಗೆ ಹಾಕಿದರು. ಐದಕ್ಕೂ ತಕ್ಕಡಿ ಒಂದೇ ಅಂಕಿ ತೋರಿಸಿತು, ಕೂದಲೆಳೆ ವ್ಯತ್ಯಾಸವಿಲ್ಲದೆ, ಸಿರಿಶಾಗೆ ತೂಗಲು ಹೇಳಿದ್ದ ಅಂಕಿಯನ್ನೇ. ಅಂದರೆ ಹುಡುಗಿಯ ಕೈ ಸರಿಯಿತ್ತು. ಗುಂಡು ಹೆಚ್ಚು ಎನ್ನುತ್ತಿದೆ, ತಕ್ಕಡಿ ಸರಿ ಎನ್ನುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು. ತಕ್ಕಡಿಗೆ ಪಾಠ ಹೇಳಿದವರು ಯಾರು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಅವರ ಕೈ ಆಗಲೇ ಮಖಮಲ್ಲಿನ ಡಬ್ಬಿಯ ಮೇಲಿತ್ತು.

ಚಿಮಟದಲ್ಲಿ ಕಲ್ಲು ಎತ್ತಿ ದೀಪಕ್ಕೆ ಹಿಡಿದರು. ಅದರ ಮೈಮೇಲೆ ದಪ್ಪಗೆ ಮೂರು ಪಟ್ಟೆ ವಿಭೂತಿ, ನಡುವೆ ಒಣಗಿದ ಕುಂಕುಮದ ಬೊಟ್ಟು, ಬುಡಕ್ಕೆ ಅಂಟಿಕೊಂಡ ಒಂದು ಅಕ್ಷತೆ ಕಾಳು.

ಆಯುಧಪೂಜೆಯ ಬುಧವಾರ ಅವರೇ ಹಚ್ಚಿದ್ದು. ತಕ್ಕಡಿಗೇ ಗುರುವಾದ ಕಲ್ಲಿಗೆ ಪೂಜೆ ಇಲ್ಲದೆ ಹೇಗೆ ಎಂದು ಭಕ್ತಿಯಿಂದ, ಧಾರಾಳವಾಗಿ ಹಚ್ಚಿದ್ದರು. ಶನಿವಾರ ಅದೇ ಕಲ್ಲನ್ನು ಅದೇ ಕಣ್ಣಿನಿಂದ ನೋಡುತ್ತ ತಕ್ಕಡಿಗೆ ಇಟ್ಟಿದ್ದರು. ನಾನೂ ಚಹಾ ಹಿಡಿದು ನಿಂತು ಕಂಡಿದ್ದೆ. ಇಬ್ಬರಿಗೂ ಅದು ಕಾಣಲಿಲ್ಲ ಎನ್ನಲಾರೆ. ಆಯುಧಪೂಜೆ ಮುಗಿದ ಮನೆಯಲ್ಲಿ ವಸ್ತುವಿನ ಮೇಲೆ ವಿಭೂತಿ ಇರುವುದು ಮುಖದ ಮೇಲೆ ಮೂಗು ಇದ್ದ ಹಾಗೆ. ಬೆರಳಿನ ಬೆವರಿಗೆ ತೂಕವಿದೆ ಎಂದು ಮನೆಯವರಿಗೆಲ್ಲ ಪಾಠ ಹೇಳಿದ ಮನುಷ್ಯನಿಗೆ, ವಿಭೂತಿಗೂ ತೂಕವಿರುತ್ತದೆ ಎಂದು ಅರವತ್ತೆಂಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಬೂದಿ ಸೇರಿದ ಭಾರವನ್ನೇ ತಕ್ಕಡಿ ಇಪ್ಪತ್ತು ಗ್ರಾಂ ಎಂದು ಕಲಿತಿತ್ತು, ಹಾಗಾಗಿ ಅದು ಸರಿ ಎಂದ ಮದ್ದೆಲ್ಲ ಹೆಚ್ಚೇ.

ಒದ್ದೆ ಬಟ್ಟೆ ತಂದುಕೊಟ್ಟೆ. ಒರೆಸಲು ಅವರ ಕೈ ಬರಲಿಲ್ಲ, ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಕೊನೆಗೆ ಒರೆಸಿದರು. ಬಟ್ಟೆಗೆ ಬಂದ ಬೂದಿಯನ್ನು ಬೆರಳಲ್ಲಿ ತೆಗೆದು ತಮ್ಮ ಹಣೆಗೇ ಹಚ್ಚಿಕೊಂಡರು. ಒಣಗಿಸಿದ ಕಲ್ಲಿನಿಂದ ತಕ್ಕಡಿಗೆ ಮತ್ತೆ ಪಾಠ ಹೇಳಿ, ಅದೇ ಐದು ಮದ್ದನ್ನು ತೂಗಿದರು. ಐದೂ ಹೆಚ್ಚು. ಒಂದೊಂದೂ ನಾಲ್ಕೈದು ಸಾಸಿವೆ ಕಾಳಿನಷ್ಟೇ ಹೆಚ್ಚು.

"ಶಿವಕ್ಕ," ಎಂದು ನನ್ನ ಹೆಸರು ಹಿಡಿದು ಕರೆದರು, "ಮಂದಿ ಮುಂದ ಅಕಿ ಮಾನ ಕಳದ್ನಲ್ಲ ನಾ."

ಅಯ್ಯೋ ಪಾಪ ಅನ್ನಿಸಿತು. ಬೈಯಲು ಕೂಡಿಹಾಕಿಕೊಂಡಿದ್ದ ಮಾತೆಲ್ಲ ಬಿಟ್ಟು, ಸಿರಿಶಾಗೆ ಫೋನ್ ಮಾಡಿ ಎಂದೆ. ಬೈದದ್ದು ಮುಖಕ್ಕೆ, ತಪ್ಪೊಪ್ಪುವುದು ಫೋನಿನಲ್ಲಿ ಹೇಗೆ ಎಂದರು. ಅದು ನ್ಯಾಯದ ಮಾತೇ.

ಮರುದಿನ ಸಂಜೆ ಎಲಿಜಬೆತ್ ಲೈನ್ ರೈಲು ಹಿಡಿದು ಪ್ಯಾಡಿಂಗ್ಟನ್, ಅಲ್ಲಿಂದ ಕಂದು ಬಣ್ಣದ ಲೈನಿನಲ್ಲಿ ಕೆಂಟನ್. ನನ್ನ ಕೈಯಲ್ಲಿ ಅದೇ ಶೇಂಗಾ ಚಟ್ನಿಯ ಡಬ್ಬಿ, ಅವರ ಕೋಟಿನ ಜೇಬಿನಲ್ಲಿ ಕಲ್ಲಿನ ಡಬ್ಬಿ. ಟ್ಯೂಬ್ ರೈಲಿನಲ್ಲಿ ಹತ್ತು ಸಲ ಜೇಬು ಮುಟ್ಟಿ ನೋಡಿಕೊಂಡರು. ಬಾಗಿಲು ತೆಗೆದ ಸಿರಿಶಾ ಆಫೀಸಿನ ಬಟ್ಟೆಯಲ್ಲೇ ಇದ್ದಳು. ಕಣ್ಣು ಊದಿಕೊಂಡಿತ್ತು. ಒಳಗೆ ಕರೆದು, ಎಲ್ಲರ ಬಟ್ಟೆ ಒಣಗಿಸಿದ್ದ ಹಾಲಿನಲ್ಲಿ ಜಾಗ ಮಾಡಿ ಕೂರಿಸಿದಳು. ನಮ್ಮವರು ಕೂರಲಿಲ್ಲ. ಡಬ್ಬಿ ತೆಗೆದು ಅವಳ ಮುಂದೆ ಹಿಡಿದು, ನಾ ಹಚ್ಚಿದ್ ವಿಭೂತಿನ ತೂಕಕ್ಕ ಬಂತವ್ವ ಎಂದು ಶುರು ಮಾಡಿದರು.

"ಗೊತ್ತು ಅಂಕಲ್," ಎಂದಳು ಅವಳು.

ನಾವಿಬ್ಬರೂ ಅವಳ ಮುಖ ನೋಡಿದೆವು.

ಶನಿವಾರ ಕಲ್ಲಿನ ಮೇಲೆ ವಿಭೂತಿ ಕಂಡಾಗ ಅವಳಿಗೂ ಏನೂ ಅನ್ನಿಸಿರಲಿಲ್ಲವಂತೆ, ಊರಲ್ಲಿ ಅವಳಪ್ಪನ ಸ್ಕೂಟರಿಗೂ ಹಾಗೇ ಇರುತ್ತಿತ್ತು. ರೇಂಜಿನಲ್ಲಿ ಹತ್ತು ಚುಕ್ಕೆ ಒತ್ತಿಕೊಂಡು ಮೇಲೆ ಕೂತದ್ದು ನೋಡಿದಾಗ, ತಪ್ಪು ಕೈಯಲ್ಲಿಲ್ಲ, ಬುಡದಲ್ಲಿದೆ ಎಂದು ಹೊಳೆಯಿತಂತೆ. ತಪ್ಪು ಹುಡುಕುವುದೇ ಅವಳ ಕಸುಬಲ್ಲವೇ. ಇವರ ಹಣೆ ನೋಡಿದಾಗ ಎಲ್ಲ ಅರ್ಥವಾಗಿತ್ತು.

"ಮತ್ತ ಅಲ್ಲೇ ಯಾಕ ಹೇಳ್ಲಿಲ್ಲ?" ಎಂದರು ಇವರು.

ಅವಳು ನನ್ನ ಡಬ್ಬಿಯ ಮುಚ್ಚಳ ತಿರುಗಿಸುತ್ತ ಹೇಳಿದಳು, "ಅಷ್ಟು ಜನ ನಿಂತಿದ್ರು ಅಂಕಲ್. ಅವ್ರಿಗೆ ಹೇಗೆ ಹೇಳ್ಲಿ? ಮಿಸ್ಟರ್ ಅಪ್ಪಾ ತೂಕದ ಕಲ್ಲಿಗೆ ಪೂಜೆ ಮಾಡಿದ್ರು ಅಂತ ಅವ್ರು ವರ್ಷಗಟ್ಟಲೆ ನಗ್ತಾರೆ. ನಾನು ಇನ್ನೊಂದ್ ಆರ್ ತಿಂಗ್ಳು ಕಾದ್ರೆ ಆಯ್ತು. ನೀವು ಅಲ್ಲಿ ಇಪ್ಪತ್ತ್ ವರ್ಷದಿಂದ ಇದೀರಿ."

ನನ್ನ ಗಂಡ ಆಗ ಕೂತರು. ಯಾರದೋ ಒದ್ದೆ ಟವೆಲ್ಲಿನ ಮೇಲೆಯೇ ಕೂತರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ನಾನು ಹುಡುಗಿಯ ತಲೆ ಸವರಿದೆ. ಹೊಟ್ಟೆಯಲ್ಲಿ ಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಎಂದು ಹೇಳಬೇಕೆನಿಸಿತು, ಹೇಳಿಯೂಬಿಟ್ಟೆ.

ಬುಧವಾರದ ಕಮಿಟಿಗೆ ಅವರು ಹಣೆಯ ತುಂಬ ವಿಭೂತಿ ಹಚ್ಚಿಕೊಂಡೇ ಹೋದರು. ಅದುವರೆಗೆ ಕ್ಲಬ್ಬಿಗೆ ಹೋಗುವಾಗ ಬೆರಳಲ್ಲಿ ಒಂಚೂರು ಮುಟ್ಟಿಸಿಕೊಳ್ಳುತ್ತಿದ್ದರು, ಅಷ್ಟೆ. ಸಿರಿಶಾಳನ್ನೂ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಎದ್ದು ನಿಂತು, ಕಲ್ಲು ತೋರಿಸಿ, ಹಣೆ ತೋರಿಸಿ ಎಲ್ಲ ಹೇಳಿದರು. ಇದು ಪವಿತ್ರ ಬೂದಿ, ಹಚ್ಚಿದ್ದು ನಾನು, ಮರೆತದ್ದು ನಾನು, ಭಾನುವಾರ ನಿಮ್ಮೆಲ್ಲರ ಮುಂದೆ ಈ ಹುಡುಗಿಯ ಮೇಲೆ ಹಾಕಿದ್ದು ಸುಳ್ಳು ಅಪವಾದ, ಅವಳಷ್ಟು ಸಮನಾದ ಕೈ ಈ ಕ್ಲಬ್ಬಿನಲ್ಲಿ ಇನ್ನೊಂದಿಲ್ಲ ಎಂದರು. ಮೂಲೆಯಲ್ಲಿ ಯಾರೋ ಒಬ್ಬ ನಕ್ಕ. ಇವರು ಅವನನ್ನೇ ನೋಡುತ್ತ, ನಗಬಹುದು, ಆದರೆ ನನ್ನನ್ನು ನೋಡಿ ನಗಿ, ಅವಳನ್ನಲ್ಲ ಎಂದರು. ಹೆಲೆನ್ ಭಾನುವಾರದ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಸಹಿ ಎಲ್ಲಿ ಹಾಕಬೇಕೆಂದು ಇವರಿಗೆ ತೋರಿಸಿದಳು. ಇನ್ನು ಮುಂದೆ ತಕ್ಕಡಿಗೆ ಪಾಠ ಹೇಳುವಾಗ ಇಬ್ಬರು ಇರಬೇಕೆಂದೂ ಬರೆದಳು. ಅದು ನಮ್ಮವರಿಗೆ ಬಿದ್ದ ದಂಡ.

ಶನಿವಾರ ಸಿರಿಶಾ ಎಂದಿನಂತೆ ಷೂ ಬಿಚ್ಚಿ, ಅಡಿಗೆಮನೆಗೆ ಇಣುಕಿ, ಮೇಲೆ ಹೋದಳು. ಹೆಚ್ಚಾದ ಮದ್ದನ್ನೆಲ್ಲ ಬಿಚ್ಚಿ ಹೊಸದಾಗಿ ತೂಗಬೇಕಿತ್ತು. ನಾನು ಚಹಾ ಹಿಡಿದು ಹೋದಾಗ ಮಖಮಲ್ಲಿನ ಡಬ್ಬಿ ಅವಳ ಮುಂದಿತ್ತು. ನನಗೂ ಮುಟ್ಟಲು ಕೊಡದ ಡಬ್ಬಿ. ಇವರು ಚಿಮಟವನ್ನು ಅವಳ ಕಡೆ ಚಾಚಿ ಹಿಡಿದಿದ್ದರು.

"ಇನ್ ಮ್ಯಾಲ ಕಲ್ಲು ನಿಂದವ್ವ," ಎಂದರು. "ನಾ ಬರೇ ನೋಡ್ತೀನಿ."

ಅವಳು ಚಿಮಟ ತೆಗೆದುಕೊಳ್ಳಲಿಲ್ಲ. ಇವರ ಬೆರಳುಗಳನ್ನೇ ನೋಡಿದಳು, ಬೆಳಗಿನ ಪೂಜೆಯ ವಿಭೂತಿ ಉಗುರ ಸಂದಿಯಲ್ಲಿ ಇನ್ನೂ ಬೆಳ್ಳಗಿತ್ತು.

"ಅಂಕಲ್," ಎಂದಳು ಮೆಲ್ಲಗೆ, "ಮೊದ್ಲು ಕೈ ತೊಳ್ಕೊಂಡ್ ಬನ್ನಿ."

ಮೂವತ್ತೊಂದು ವರ್ಷ ಫಾರ್ಮಸಿಸ್ಟ್ ಆಗಿದ್ದ ನನ್ನ ಗಂಡ ಎದ್ದು ಬಚ್ಚಲಿಗೆ ಹೋದರು. ಎರಡು ಸಲ ಸಾಬೂನು ಹಾಕಿದ್ದು ಕೇಳಿಸಿತು.